ನಿಮಗಿದು ಗೊತ್ತೇ? ಸಿರುಗುಪ್ಪದ ನೆಲ್ಲು, ಬಳ್ಳಾರಿಯ ಜೀನ್ಸ್, ಪೆನ್ಸಿಲ್ವೇನಿಯಾದ ಕಾಯ್ದೆ

ಸಿರುಗುಪ್ಪದ ರೈತ ಹತ್ತಿ ಹೇರಿಕೊಂಡು ಆದೋನಿಗೆ ಹೋದರೆ ರಾಜ್ಯ ಬದಲಾಗುತ್ತದೆ, ಮಾರುಕಟ್ಟೆ ಸಮಿತಿ ಬದಲಾಗುತ್ತದೆ, ಬೆಲೆ ಮಾತಾಡುವ ಭಾಷೆಯೂ ಬದಲಾಗುತ್ತದೆ. ಕೊಂಡವನಿಗೂ ಮಾರಿದವನಿಗೂ ಜಗಳ ಬಿದ್ದರೆ ವಕೀಲರು ತೆರೆಯುವ ಪುಸ್ತಕ ಮಾತ್ರ ಬದಲಾಗುವುದಿಲ್ಲ. 1930ರ ಜುಲೈ 1ರಂದು ಜಾರಿಗೆ ಬಂದ ಸರಕು ಮಾರಾಟ ಕಾಯ್ದೆ ಎರಡೂ ಕಡೆ ಒಂದೇ. 66 ಕಲಮುಗಳ ಸಣ್ಣ ಕಾಯ್ದೆ ಅದು. ಅದಕ್ಕೂ ಮೊದಲು ಈ ವಿಷಯವೆಲ್ಲ 1872ರ ಕರಾರು ಕಾಯ್ದೆಯ ಏಳನೇ ಅಧ್ಯಾಯದಲ್ಲಿತ್ತು.

ಇದೇನು ಮಹಾ ಎನ್ನಬೇಡಿ. ಅಮೆರಿಕದವರು ಇಷ್ಟಕ್ಕಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒದ್ದಾಡಿದ್ದಾರೆ. ಅಲ್ಲಿ ಕರಾರಿನ ಕಾನೂನು ಆಯಾ ರಾಜ್ಯಕ್ಕೆ ಸೇರಿದ್ದು. ನ್ಯೂಯಾರ್ಕಿನ ವ್ಯಾಪಾರಿ ಓಹಾಯೋಕ್ಕೆ ಮಾಲು ಕಳಿಸಿದರೆ ಎರಡು ಕಾನೂನು ಓದಬೇಕಿತ್ತು. ಈ ತಾಪತ್ರಯ ತಪ್ಪಿಸಲೆಂದೇ ಏಕರೂಪ ಕಾನೂನು ಆಯುಕ್ತರ ಸಮಾವೇಶ 1892ರಲ್ಲಿ ಹುಟ್ಟಿತು. 1906ರಲ್ಲಿ ಸ್ಯಾಮ್ಯುಯೆಲ್ ವಿಲ್ಲಿಸ್ಟನ್ ಬರೆದ ಏಕರೂಪ ಮಾರಾಟ ಕಾಯ್ದೆ ಬಂತು. ಅದು ಸಾಲದೆಂದು ಕಾರ್ಲ್ ಲೆವೆಲಿನ್ ಎಂಬ ಪ್ರಾಧ್ಯಾಪಕರ ಮುಂದಾಳತ್ವದಲ್ಲಿ ಯೂನಿಫಾರ್ಮ್ ಕಮರ್ಷಿಯಲ್ ಕೋಡ್ ಸಿದ್ಧವಾಗಿ 1952ರಲ್ಲಿ ಪ್ರಕಟವಾಯಿತು. ಆ ಕೆಲಸದಲ್ಲಿ ಅವರ ಪತ್ನಿ ಸೋಯಾ ಮೆನ್ಶಿಕಾಫ್ ಕೂಡ ಹೆಗಲು ಕೊಟ್ಟಿದ್ದರು. 1953ರಲ್ಲಿ ಪೆನ್ಸಿಲ್ವೇನಿಯಾ ಮೊದಲು ಒಪ್ಪಿತು, ಉಳಿದವು ಒಂದೊಂದಾಗಿ ಹಿಂದೆ ಬಂದವು. ಇವತ್ತಿಗೂ ಮಾರಾಟದ ಭಾಗವನ್ನು ಒಪ್ಪದ ರಾಜ್ಯ ಒಂದಿದೆ. ಅದು ಲೂಯಿಸಿಯಾನ. ಫ್ರೆಂಚರ ಕಾಲದ ಸಿವಿಲ್ ಸಂಹಿತೆಯ ಬೇರು ಅಲ್ಲಿ ಇನ್ನೂ ಗಟ್ಟಿ.

ನಮ್ಮಲ್ಲಿ ಸಂವಿಧಾನ ಈ ಕೆಲಸವನ್ನು ಹಂಚಿಕೊಟ್ಟಿದೆ. ಕರಾರು ಸಮವರ್ತಿ ಪಟ್ಟಿಯ 7ನೇ ನಮೂದು. ಸಂತೆ, ಮಾರುಕಟ್ಟೆ ರಾಜ್ಯ ಪಟ್ಟಿಯ 28ನೇ ನಮೂದು. ಅದಕ್ಕೇ ಎಪಿಎಂಸಿ ಶುಲ್ಕ ರಾಜ್ಯಕ್ಕೊಂದು, ಮಾರಾಟದ ಕಾನೂನು ದೇಶಕ್ಕೊಂದು.

ಅಮೆರಿಕದ ಕಾಯ್ದೆಗೂ ನಮ್ಮದಕ್ಕೂ ರಕ್ತಸಂಬಂಧವಿದೆ, ಗೊತ್ತೇ? ಇಂಗ್ಲೆಂಡಿನ 1893ರ ಸರಕು ಮಾರಾಟ ಕಾಯ್ದೆಯನ್ನು ಬರೆದವರು ಮೆಕೆಂಜಿ ಚಾಮರ್ಸ್. ವಿಲ್ಲಿಸ್ಟನ್ ಅದನ್ನು ಮುಂದಿಟ್ಟುಕೊಂಡೇ ಅಮೆರಿಕಕ್ಕೆ ಬರೆದರು. ನಮ್ಮ 1930ರ ಕಾಯ್ದೆಯೂ ಅದೇ ಅಚ್ಚಿನದು. ಚಾಮರ್ಸ್ ಯೌವನದಲ್ಲಿ ಇಂಡಿಯನ್ ಸಿವಿಲ್ ಸರ್ವೀಸಿನಲ್ಲಿದ್ದವರು, 1896ರಿಂದ 1899ರವರೆಗೆ ವೈಸರಾಯ್ ಮಂಡಳಿಯ ಕಾನೂನು ಸದಸ್ಯರೂ ಆಗಿದ್ದರು.

ಬಳ್ಳಾರಿಗೆ ಈ 'ಒಂದೇ ಕಾನೂನು' ಎಷ್ಟು ದೊಡ್ಡ ಸಂಗತಿ ಎಂಬುದು ಹಳೆಯ ನಕ್ಷೆ ಬಿಚ್ಚಿದರೆ ತಿಳಿಯುತ್ತದೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಆಮೇಲೆ ಇದು ಮದ್ರಾಸ್ ಪ್ರಾಂತ್ಯ. ಸಿರುಗುಪ್ಪದ ದಂಡೆಯಲ್ಲಿ ನಿಂತರೆ ತುಂಗಭದ್ರೆಯ ಆಚೆ ಸಿಂಧನೂರು, ಅಲ್ಲಿ ನಿಜಾಮನ ರಾಜ್ಯ, ನಿಜಾಮನ ಕಾನೂನು, ರೂಪಾಯಿಯೂ ಬೇರೆ, ಹಾಲಿ ಸಿಕ್ಕಾ. ಜಿಲ್ಲೆಯ ಇನ್ನೊಂದು ಅಂಚಿಗೆ ಮೈಸೂರು ಸಂಸ್ಥಾನ. ಇದೂ ಸಾಲದೆಂಬಂತೆ ಜಿಲ್ಲೆಯ ಹೊಟ್ಟೆಯೊಳಗೇ ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನ. 1930ರ ಕಾಯ್ದೆ ಅಂದು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯ. ಹಾಗಾಗಿ ಒಂದು ಗಾಡಿ ನೆಲ್ಲು ಹೊಳೆ ದಾಟಿದರೆ ಕಾನೂನನ್ನೂ ದಾಟಿದಂತೆ.

ಈ ಗೆರೆಗಳು ಅಳಿಸಿದ್ದು ಕಂತುಕಂತಾಗಿ. 1949ರಲ್ಲಿ ಸಂಡೂರು ಬಳ್ಳಾರಿಗೆ ಸೇರಿತು. 1951ರ ಏಪ್ರಿಲ್ 1ರಂದು ಬಂದ 'ಬಿ ಭಾಗದ ರಾಜ್ಯಗಳ ಕಾನೂನು ಕಾಯ್ದೆ' ಕರಾರು ಮತ್ತು ಸರಕು ಮಾರಾಟದ ಕೇಂದ್ರ ಕಾಯ್ದೆಗಳನ್ನು ಹೈದರಾಬಾದಿಗೂ ಮೈಸೂರಿಗೂ ಒಯ್ದಿತು. ಅಂದರೆ ಕರ್ನಾಟಕ ಏಕೀಕರಣಕ್ಕೆ ಐದು ವರ್ಷ ಮೊದಲೇ ವ್ಯಾಪಾರದ ಏಕೀಕರಣ ಆಗಿಹೋಗಿತ್ತು! 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಬಳ್ಳಾರಿ ಯಾರಿಗೆ ಎಂದು ಜನ ಬೀದಿಗಿಳಿದ ಆ ದಿನಗಳಲ್ಲೂ ಅಂಗಡಿಯ ಖಾತೆಪುಸ್ತಕದ ಕಾನೂನಿನಲ್ಲಿ ಒಂದಕ್ಷರ ಅಲುಗಲಿಲ್ಲ.

ಮಾರುಕಟ್ಟೆ ಕಾನೂನು ಮಾತ್ರ ಇನ್ನೂ ಸ್ವಲ್ಪ ಕಾಲ ಚಿಂದಿಯಾಗಿಯೇ ಇತ್ತು. ಬಳ್ಳಾರಿಗೆ ಮದ್ರಾಸಿನ 1933ರ ವಾಣಿಜ್ಯ ಬೆಳೆ ಮಾರುಕಟ್ಟೆ ಕಾಯ್ದೆ (ಹತ್ತಿ, ಶೇಂಗಾ, ಹೊಗೆಸೊಪ್ಪು ಅದರ ಮುಖ್ಯ ಗಿರಾಕಿಗಳು), ಹುಬ್ಬಳ್ಳಿ ಕಡೆಗೆ ಮುಂಬಯಿಯ 1939ರದು, ಹಳೆ ಮೈಸೂರಿಗೆ ತನ್ನದೇ 1939ರದು, ರಾಯಚೂರಿಗೆ ಹೈದರಾಬಾದಿನ ಫಸಲಿ ಶಕೆಯ 1339ರದು. ಇವನ್ನೆಲ್ಲ ಮಡಚಿಟ್ಟು ಇಡೀ ರಾಜ್ಯಕ್ಕೆ ಒಂದೇ ಎಪಿಎಂಸಿ ಕಾಯ್ದೆ ಬರೆದದ್ದು 1966ರಲ್ಲಿ. ಅಮೆರಿಕದ ಕೋಡ್ ಮಾಡಿದ ಕೆಲಸದ ಪುಟ್ಟ ನಮೂನೆ ನಮ್ಮ ಮನೆಯಲ್ಲೇ ಇದೆ. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ, ಅಷ್ಟೇ.

ಈಗ ಮಳೆಯ ಪ್ರಶ್ನೆ. ಸಿರುಗುಪ್ಪದಲ್ಲಿ ಕೊಯ್ಲು ಮುಗಿದು, ರಸ್ತೆ ಬದಿಯಲ್ಲಿ ನೆಲ್ಲಿನ ರಾಶಿ ಬಿದ್ದಿದೆ. ವ್ಯಾಪಾರಿ ಬಂದು ಕಾಳು ಅಂಗೈಯಲ್ಲಿ ಉಜ್ಜಿ, ಹಲ್ಲಲ್ಲಿ ಕಡಿದು ನೋಡಿ, 75 ಕಿಲೋ ಚೀಲಕ್ಕೆ ಇಷ್ಟು ಎಂದು ಮಾತು ಮುಗಿಸಿ, ಮುಂಗಡ ಕೊಟ್ಟು ಹೋದ. ರಾತ್ರಿ ಮಳೆ ಹೊಡೆಯಿತು. ನೆಂದದ್ದು ಯಾರ ನೆಲ್ಲು?

ಮುಂಗಡ ಕೊಟ್ಟಾಗಿದೆ, ಇನ್ನು ಅವನದೇ ಎನ್ನುತ್ತಾನೆ ರೈತ. ಲಾರಿಗೆ ಹತ್ತಿಲ್ಲ, ಇನ್ನೂ ನಿನ್ನದೇ ಎನ್ನುತ್ತಾನೆ ವ್ಯಾಪಾರಿ. ಕಾಯ್ದೆ ಇಬ್ಬರ ಮಾತನ್ನೂ ಒಪ್ಪುವುದಿಲ್ಲ. 26ನೇ ಕಲಮಿನ ಪ್ರಕಾರ, ಬೇರೆ ಮಾತು ಆಗಿರದಿದ್ದರೆ, ಮಾಲೀಕತ್ವ ಯಾರದೋ ನಷ್ಟ ಅವರದು. ಹಣ ಸಂದಾಯವಾಯಿತೇ, ಮಾಲು ಸಾಗಿತೇ ಎಂಬುದು ಆಮೇಲಿನ ಮಾತು. ಮಾಲೀಕತ್ವ ದಾಟುವುದು ಯಾವಾಗ? ಇಬ್ಬರೂ ಯಾವಾಗ ದಾಟಬೇಕೆಂದು ಮನಸ್ಸು ಮಾಡಿದ್ದರೋ ಆಗ, ಎನ್ನುತ್ತದೆ 19ನೇ ಕಲಮು. ಮನಸ್ಸು ತಿಳಿಯದಿದ್ದರೆ ಮುಂದಿನ ಕಲಮುಗಳು ದಾರಿ ತೋರಿಸುತ್ತವೆ. ಇದೇ ರಾಶಿ, ಇದ್ದ ಹಾಗೆಯೇ ಎತ್ತಿಕೊಂಡು ಹೋಗುವಂತಿದೆ, ಷರತ್ತೇನೂ ಇಲ್ಲ ಎಂದರೆ ಮಾತಾದ ಗಳಿಗೆಯಲ್ಲೇ ಅದು ಕೊಂಡವನದು. ಒಣಗಿಸಿ, ಚೀಲ ತುಂಬಿ ಕೊಡುವ ಹೊಣೆ ರೈತನ ಮೇಲಿದ್ದರೆ ಅದು ಮುಗಿದು ಕೊಂಡವನಿಗೆ ತಿಳಿಯುವ ತನಕ ರೈತನದೇ. ಬೆಲೆ ಗೊತ್ತಾಗಲು ರೈತನೇ ತೂಗಿ ಕೊಡಬೇಕಿದ್ದರೂ ಹಾಗೆಯೇ. 'ನನ್ನ ರಾಶಿಯಲ್ಲಿ ನೂರು ಚೀಲ' ಎಂದಷ್ಟೇ ಮಾತಾಗಿದ್ದರೆ ಆ ನೂರು ಚೀಲ ಬೇರೆಯಾಗುವ ತನಕ ಯಾವ ಕಾಳೂ ದಾಟುವುದಿಲ್ಲ.

ಇದರಲ್ಲಿ ಒಂದು ಚೂಪಾದ ಮುಳ್ಳಿದೆ. "ಸೋಮವಾರ ಲಾರಿ ಕಳಿಸ್ತೀನಿ ಬಿಡ್ರಿ" ಎಂದವನು ಗುರುವಾರ ಕಳಿಸಿದ. ಬುಧವಾರ ಮಳೆ. "ಸಾವ್ಕಾರ್ರೆ, ನೆಲ್ಲು ನೆಂದೈತ್ರಿ" ಎಂದರೆ, "ಇನ್ನಾ ತೂಕಾನೇ ಆಗಿಲ್ಲಲ್ಲ" ಎಂಬ ಉತ್ತರ. ಈ ಉತ್ತರ ಅವನ ಕೈಹಿಡಿಯುವುದಿಲ್ಲ. ಯಾರ ತಪ್ಪಿನಿಂದ ಮಾಲು ಕೈಬದಲಾಗುವುದು ತಡವಾಯಿತೋ, ಆ ತಡದಿಂದ ಆಗಿರಬಹುದಾದ ನಷ್ಟ ಅವರ ತಲೆಗೇ ಎಂದು ಅದೇ 26ನೇ ಕಲಮು ಹೇಳುತ್ತದೆ. ಸೋಮವಾರ ಎಂದು ಹೇಳಿದ್ದಕ್ಕೆ ಫೋನಿನಲ್ಲಿ ಒಂದು ಮೆಸೇಜ್ ಇದ್ದರೆ ಸಾಕು.

ಅಮೆರಿಕದ ಕೋಡ್ ಈ ಮಾಲೀಕತ್ವದ ಗೋಜನ್ನೇ ಬಿಟ್ಟುಬಿಟ್ಟಿದೆ. ಮಾರುವವನು ವ್ಯಾಪಾರಿಯಾದರೆ, ಕೊಂಡವನ ಕೈಗೆ ಮಾಲು ಸೇರುವ ತನಕ ನಷ್ಟ ಮಾರಿದವನದು. ಲಾರಿ, ರೈಲಿನಲ್ಲಿ ಸಾಗುವ ಮಾಲಿಗೆ ಬೇರೆ ನಿಯಮ. ನನ್ನನ್ನು ಕೇಳಿದರೆ ಅದೇ ಲೇಸು. 'ಮನಸ್ಸು ಮಾಡಿದ್ದರೇ' ಎಂದು ನಾಲ್ಕು ವರ್ಷ ಆದ ಮೇಲೆ ಕೋರ್ಟಿನಲ್ಲಿ ಹುಡುಕುವುದಕ್ಕಿಂತ ಮಾಲು ಎಲ್ಲಿತ್ತು ಎಂದು ಹುಡುಕುವುದು ಸುಲಭ.

ಚೀಲದ ಮಾತು ಬಂತಲ್ಲ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಹೇಳುವುದು ಕ್ವಿಂಟಲಿಗೆ, ನಮ್ಮವರು ಮಾತಾಡುವುದು 75 ಕಿಲೋ ಚೀಲಕ್ಕೆ. 2025-26ರ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ. ಚೀಲದ ಲೆಕ್ಕದಲ್ಲಿ 1,776 ರೂಪಾಯಿ 75 ಪೈಸೆ. ವ್ಯಾಪಾರಿ ಹೇಳುವ ದರ ಕೇಳಿದಾಗ ಆಯಾ ವರ್ಷದ ಇಂಥ ಅಂಕಿ ತಲೆಯಲ್ಲಿರಲಿ.

ಬಾಯಿಮಾತಿನ ವ್ಯಾಪಾರಕ್ಕೆ ಕಾನೂನಿನ ಬೆಲೆ ಇದೆಯೇ? ನಮ್ಮಲ್ಲಿ ಪೂರ್ತಿ ಇದೆ. ಬರಹ, ಬಾಯಿಮಾತು, ಎರಡೂ ಬೆರೆತದ್ದು, ಅಷ್ಟೇಕೆ, ಮಾತಿಲ್ಲದೆ ನಡತೆಯಿಂದಲೇ ತಿಳಿಯುವ ಕರಾರೂ ನಡೆಯುತ್ತದೆ ಎನ್ನುತ್ತದೆ 5ನೇ ಕಲಮು. ಅಮೆರಿಕದಲ್ಲಿ 500 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ವ್ಯಾಪಾರಕ್ಕೆ ಸಹಿ ಇರುವ ಒಂದು ಚೀಟಿಯಾದರೂ ಬೇಕು, ಕೆಲವು ವಿನಾಯಿತಿ ಬಿಟ್ಟರೆ. 500 ಅನ್ನು 5,000 ಮಾಡಲು 2003ರಲ್ಲಿ ತಿದ್ದುಪಡಿ ಬರೆದರು. ರಾಜ್ಯಗಳು ಅದನ್ನು ಮೂಸಿಯೂ ನೋಡಲಿಲ್ಲ, 2011ರಲ್ಲಿ ಹಿಂತೆಗೆದುಕೊಂಡರು. ಏಕರೂಪ ಕಾಯ್ದೆಯ ಕಷ್ಟವೇ ಅದು. ಬದಲಾಯಿಸಬೇಕಾದರೂ ಪ್ರತಿ ರಾಜ್ಯದ ಬಾಗಿಲು ತಟ್ಟಬೇಕು.

ಅಮೆರಿಕದ ಈ ಚೀಟಿಯ ನಿಯಮ ಅಲ್ಲಿನ ರೈತರ ಬೆನ್ನು ಬಿದ್ದದ್ದೂ ಉಂಟು. ಇಬ್ಬರು 'ವ್ಯಾಪಾರಿ'ಗಳ ನಡುವೆ ಮಾತಾಗಿ, ಒಬ್ಬ ಅದನ್ನು ಬರೆದು ಕಳಿಸಿ, ಇನ್ನೊಬ್ಬ ಹತ್ತು ದಿನದೊಳಗೆ ತಕರಾರು ಬರೆಯದಿದ್ದರೆ ಚೀಟಿಗೆ ಸಹಿ ಇಲ್ಲವೆಂದು ಅವನು ಜಾರಿಕೊಳ್ಳುವಂತಿಲ್ಲ. 1973ರಲ್ಲಿ ಧಾನ್ಯದ ಬೆಲೆ ಗಗನಕ್ಕೇರಿದಾಗ ಮಾತು ಕೊಟ್ಟ ರೈತರು ಹಿಂದೆ ಸರಿದರು, ಕೇಸು ಬಿದ್ದವು. ರೈತ ವ್ಯಾಪಾರಿಯೇ? ಬೆಳೆ ಮಾರುತ್ತಾ ಬಂದ ರೈತ ವ್ಯಾಪಾರಿಯಾಗಬಲ್ಲ ಎಂದಿತು ಇಲಿನಾಯ್ 1974ರಲ್ಲಿ. ಅಲ್ಲ ಎಂದಿತು ಕ್ಯಾನ್ಸಸ್ 1976ರಲ್ಲಿ. ಕಾಯ್ದೆ ಒಂದೇ, ಅಕ್ಷರ ಒಂದೇ, ತೀರ್ಪು ಎರಡು. ನಮ್ಮ ಕಾಯ್ದೆಯಲ್ಲಿ ರೈತ ಬೇರೆ ವ್ಯಾಪಾರಿ ಬೇರೆ ಎಂಬ ಭೇದವಿಲ್ಲ. ಮಾರುವವನು, ಕೊಳ್ಳುವವನು, ಅಷ್ಟೇ.

ಫೋನಿನಲ್ಲಿ 'ಆಯ್ತು' ಎಂದರೆ ಕರಾರು ಯಾವ ಊರಿನಲ್ಲಿ ಆದಂತೆ? ಸುಪ್ರೀಂ ಕೋರ್ಟಿಗೆ ಈ ಪ್ರಶ್ನೆ ಬಂದದ್ದು ಹತ್ತಿಕಾಳಿನ ಹಿಂಡಿಯಿಂದ. 1959ರಲ್ಲಿ ಅಹಮದಾಬಾದಿನವರು ಖಾಮಗಾಂವ್‌ನ ಜಿನ್ನಿಂಗ್ ಕಾರ್ಖಾನೆಯವರೊಡನೆ ಫೋನಿನಲ್ಲಿ ಮಾತಾಡಿಕೊಂಡಿದ್ದರು. ಹಿಂಡಿ ಬರಲಿಲ್ಲ. ದಾವೆ ಎಲ್ಲಿ ಹೂಡಬೇಕು ಎಂಬಲ್ಲೇ ಜಗಳ. ಒಪ್ಪಿಗೆ ಯಾವ ಊರಿನಲ್ಲಿ ಕಿವಿಗೆ ಬಿತ್ತೋ ಅಲ್ಲಿ ಕರಾರು ಎಂದು 1965ರ ಆಗಸ್ಟ್‌ನಲ್ಲಿ ಬಹುಮತದ ತೀರ್ಪು ಬಂತು. ನ್ಯಾಯಮೂರ್ತಿ ಹಿದಾಯತುಲ್ಲಾ ಒಪ್ಪದೆ ಬೇರೆಯೇ ಬರೆದರು. ಕುರುಗೋಡಿನ ಮೆಣಸಿನಕಾಯಿ ವ್ಯಾಪಾರಿ ಬ್ಯಾಡಗಿಗೆ ಫೋನ್ ಮಾಡಿ ದರ ಹೇಳಿ, ಅತ್ತಲಿಂದ 'ಆಯ್ತು ಕಳಿಸ್ರಿ' ಎಂದರೆ ಕರಾರು ಆದದ್ದು ಕುರುಗೋಡಿನಲ್ಲಿ.

ಇಮೇಲ್‌ಗೂ ಇದೇ ಗೌರವ. ಬಾಕ್ಸೈಟ್ ಅದಿರಿನ ಸರಬರಾಜಿನ ಒಂದು ಪ್ರಕರಣದಲ್ಲಿ, ಇಮೇಲ್‌ಗಳಲ್ಲೇ ಮುಖ್ಯ ಷರತ್ತುಗಳೆಲ್ಲ ಇತ್ಯರ್ಥವಾಗಿದ್ದರೆ ಆಮೇಲೆ ಪತ್ರಕ್ಕೆ ಸಹಿ ಬೀಳದಿದ್ದರೂ ಕರಾರು ಕರಾರೇ ಎಂದು ಸುಪ್ರೀಂ ಕೋರ್ಟ್ 2010ರ ಜನವರಿಯಲ್ಲಿ ಹೇಳಿತು. ಅದಿರಿನ ಊರಿನವರು ನೆನಪಿಡಬೇಕಾದ ತೀರ್ಪು.

ಇನ್ನು ಜೀನ್ಸ್. ಕೌಲ್ ಬಜಾರಿನ ಮನೆಯೊಂದರಲ್ಲಿ ನಾಲ್ಕು ಮಷಿನ್, ಗೋಡೆಗೆ ಒರಗಿಸಿದ ಕತ್ತರಿಸಿದ ಡೆನಿಮ್ ಕಟ್ಟುಗಳು. ಬಟ್ಟೆ ವ್ಯಾಪಾರಿಯದು, ಹೊಲಿಗೆ ಇವರದು, ಪೀಸಿಗೆ ಇಷ್ಟು ಎಂದು ಕೂಲಿ. ಇದು ಮಾರಾಟವೇ ಅಲ್ಲ. ಪ್ಯಾಂಟು ಪೂರ್ತಿ ಆದರೂ ಅದು ಬಟ್ಟೆ ಕೊಟ್ಟವನದೇ. ಹಾಗೆಂದು ಹೊಲಿದವರ ಕೈ ಬರಿದಲ್ಲ: ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿರದಿದ್ದರೆ, ಕೆಲಸ ಮುಗಿಸಿ ಕೂಲಿ ಸಿಗುವ ತನಕ ಆ ಪ್ಯಾಂಟುಗಳನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿದೆ. ಕೊಟ್ಟು ಕಳಿಸಿದರೆ ಆ ಹಕ್ಕು ಹೋಯಿತು.

ತಾನೇ ಬಟ್ಟೆ ಕೊಂಡು, ಹೊಲಿಸಿ, ವಾಶ್ ಮಾಡಿಸಿ ಮುಂಬಯಿಗೆ ಮಾರುವವನದು ಮಾತ್ರ ನಿಜವಾದ ಮಾರಾಟ. ಅವನು ತೋರಿಸಿದ ಸ್ಯಾಂಪಲ್ ಪೀಸೇ ಅವನ ಕರಾರು ಎಂದರೂ ನಡೆಯುತ್ತದೆ. ಪೂರ್ತಿ ಮಾಲು ಸ್ಯಾಂಪಲ್ಲಿನಂತಿರಬೇಕು, ಹೋಲಿಸಿ ನೋಡಲು ಕೊಂಡವನಿಗೆ ಅವಕಾಶ ಕೊಡಬೇಕು, ಸಾಮಾನ್ಯ ಪರೀಕ್ಷೆಯಲ್ಲಿ ಕಾಣದ ಒಳದೋಷ ಇರಬಾರದು. ಒಂದು ಒಗೆತಕ್ಕೆ ಕಾಲು ತಿರುಚಿಕೊಳ್ಳುವ ಪ್ಯಾಂಟು ಇದೇ ಬಗೆಯದು. ಸಾವಿರ ಪೀಸಿಗೆ ಮಾತಾಗಿ 950 ಬಂದರೆ ಕೊಂಡವನು ಎಲ್ಲವನ್ನೂ ವಾಪಸು ಮಾಡಬಹುದು. ಇಟ್ಟುಕೊಂಡರೆ ಅಷ್ಟಕ್ಕೆ ಮಾತಾದ ದರದಲ್ಲೇ ಹಣ ಕೊಡಬೇಕು.

ಇದೇ ಪ್ಯಾಂಟು ನ್ಯೂಜೆರ್ಸಿಗೆ ಹೋದರೆ? ಅಂತರರಾಷ್ಟ್ರೀಯ ಮಾರಾಟಕ್ಕೆ 1980ರ ವಿಯೆನ್ನಾ ಒಪ್ಪಂದವಿದೆ. ಅಮೆರಿಕಕ್ಕೆ ಅದು 1988ರ ಜನವರಿ 1ರಿಂದ ಅನ್ವಯ. ಭಾರತ ಅದಕ್ಕೆ ಸೇರಿಯೇ ಇಲ್ಲ. ಆದ್ದರಿಂದ ಭಾರತದ ಕಾಯ್ದೆಯೋ ನ್ಯೂಜೆರ್ಸಿಯ ಕೋಡೋ ಎಂಬುದನ್ನು ಆರ್ಡರಿನಲ್ಲೇ ಬರೆಸಿಕೊಳ್ಳುವುದು ಜಾಣತನ.

ಚಿಕ್ಕಪುಟ್ಟ ಕಾರ್ಖಾನೆಯವರಿಗೆ ಇನ್ನೊಂದು ಅಸ್ತ್ರ: 2006ರ ಎಂಎಸ್‌ಎಂಇಡಿ ಕಾಯ್ದೆ. ನೋಂದಾಯಿತ ಅತಿಸಣ್ಣ, ಸಣ್ಣ ಉದ್ದಿಮೆಯಿಂದ ಮಾಲು ಕೊಂಡವನು, 60 ದಿನ 90 ದಿನ ಎಂದು ಏನೇ ಬರೆಸಿಕೊಂಡಿದ್ದರೂ, 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಕೇಳಿದರೆ ಮುಂದಿನ ಆರ್ಡರ್ ತಪ್ಪುತ್ತದೆ ಎಂಬ ಅಂಜಿಕೆಯಲ್ಲಿ ಕೇಳುವವರೇ ಕಡಿಮೆ, ಅದು ಬೇರೆ ಮಾತು.

ಬಳ್ಳಾರಿ ಅಂಜೂರ ಕಾನೂನಿನ ಕಣ್ಣಲ್ಲೂ ನಾಜೂಕು. ಕೊಂಡವನು ಹಣ ಕೊಡದೆ ಸತಾಯಿಸಿದರೆ, ಹಣ್ಣು ಇನ್ನೂ ತನ್ನ ವಶದಲ್ಲಿದ್ದರೆ, ಮಾರಿದವನು ಬೇರೆಯವರಿಗೆ ಮಾರಬಹುದು. ಉಳಿದ ಮಾಲಿಗೆ ಮೊದಲು ನೋಟಿಸ್ ಕೊಡಬೇಕು. ಕೆಡುವ ಮಾಲಿಗೆ ಅದೂ ಬೇಡ.

ಸಂತೆಯಲ್ಲಿ ನಾಲ್ಕು ಜನರೆದುರು ಎತ್ತು ಕೊಂಡಿದ್ದೀರಿ, ಅದು ಕದ್ದ ಎತ್ತು ಎಂದು ಆಮೇಲೆ ಗೊತ್ತಾಯಿತು. ಎತ್ತು ಹೋದಂತೆಯೇ. ತನ್ನದಲ್ಲದ್ದನ್ನು ಮಾರಿದವನಿಂದ ನಿಮಗೆ ಹಕ್ಕು ಬರುವುದಿಲ್ಲ. ಕೊಟ್ಟ ಹಣಕ್ಕೆ ಅವನನ್ನೇ ಹಿಡಿಯಬೇಕು. ಇಂಗ್ಲೆಂಡಿನಲ್ಲಿ ಬಯಲು ಸಂತೆಯಲ್ಲಿ ನಂಬಿ ಕೊಂಡವನಿಗೆ ರಕ್ಷಣೆ ಕೊಡುವ ಹಳೆಯ ಪದ್ಧತಿ 1995ರ ಜನವರಿಯವರೆಗೂ ಬದುಕಿತ್ತು. ನಮ್ಮ 1930ರ ಕಾಯ್ದೆ ಅದನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ.

ಹರಾಜಿನಲ್ಲಿ ಬಾಯ್ತಪ್ಪಿ ಹೆಚ್ಚು ಕೂಗಿದಿರೇ? ಸುತ್ತಿಗೆ ಬೀಳುವ ಮೊದಲು ಹಿಂತೆಗೆದುಕೊಳ್ಳಬಹುದು, ಇಲ್ಲೂ, ಅಮೆರಿಕದಲ್ಲೂ. ಎಪಿಎಂಸಿಯ ಆನ್‌ಲೈನ್ ಟೆಂಡರಿಗೆ ಮಾರುಕಟ್ಟೆಯ ನಿಯಮ ನೋಡಬೇಕು.

ವಿದ್ಯುತ್ತೂ 'ಸರಕು' ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ಲಾಟರಿ ಟಿಕೆಟ್ ಸರಕಲ್ಲ ಎಂದು 2006ರಲ್ಲಿ ಹೇಳಿತು. ಹೊಲದಲ್ಲಿ ನಿಂತ ಪೈರು, ಮಾರುವ ಮೊದಲೇ ಅಥವಾ ಮಾರಾಟದಂತೆ ಕೊಯ್ಯುವ ಮಾತಿದ್ದರೆ, ಸರಕು.

ಕಳಪೆ ಮೆಣಸಿನ ಬೀಜ ಕೊಂಡು ಮೋಸಹೋದ ರೈತ ಗ್ರಾಹಕ ಆಯೋಗಕ್ಕೆ ಹೋಗಬಹುದೇ? 'ನೀನು ಲಾಭಕ್ಕೆ ಬೆಳೆಯುವವನು, ಗ್ರಾಹಕನಲ್ಲ' ಎಂಬ ವಾದವನ್ನು ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ತಳ್ಳಿಹಾಕಿತು. ಬೀಜ ಕೊಂಡ ರೈತ ಗ್ರಾಹಕನೇ. ಆ ಪ್ರಕರಣ ಎದ್ದದ್ದೂ ಪಕ್ಕದ ಆಂಧ್ರದಿಂದ.

'ನಮ್ಮ ಬಜಾರಿನ ಪದ್ಧತಿ' ಎಂಬ ಮಾತಿಗೂ ಕಾಯ್ದೆಯಲ್ಲಿ ಜಾಗವಿದೆ. ಇಬ್ಬರನ್ನೂ ಕಟ್ಟಿಹಾಕುವ ವ್ಯಾಪಾರದ ರೂಢಿಯಿದ್ದರೆ ಕಾಯ್ದೆಯ ಊಹೆಗಳು ಹಿಂದೆ ಸರಿಯುತ್ತವೆ ಎನ್ನುತ್ತದೆ 62ನೇ ಕಲಮು. ಆದರೆ ಚೀಲದ ತೂಕ, ತೇವ, ಕಸ ಎಂದು ಮನಬಂದಂತೆ ಮುರಿದುಕೊಳ್ಳುವುದನ್ನು ಈ ನೆಪದಲ್ಲಿ ಸಮರ್ಥಿಸುವಂತಿಲ್ಲ. ಮಾರುಕಟ್ಟೆ ಕಾಯ್ದೆ ಒಪ್ಪದ ಕಡಿತ ಅಕ್ರಮವೇ. ದಲಾಲಿ ಕಮಿಷನ್ ಕೂಡ ಕರ್ನಾಟಕದಲ್ಲಿ ಕೊಂಡವನು ಕೊಡಬೇಕಾದದ್ದು, ರೈತನ ಪಟ್ಟಿಯಲ್ಲಿ ಮುರಿಯುವಂತಿಲ್ಲ.

ಕೊನೆಗೆ ಉದ್ರಿ. ಕೊಟ್ಟ ಮಾಲಿನ ಹಣಕ್ಕೆ ದಾವೆ ಹೂಡಲು ಅಮೆರಿಕದ ಕೋಡ್ ನಾಲ್ಕು ವರ್ಷ ಕೊಡುತ್ತದೆ, ನಮ್ಮ 1963ರ ಕಾಲಮಿತಿ ಕಾಯ್ದೆ ಮೂರೇ ವರ್ಷ. ವಾಯಿದೆ ಇಲ್ಲದ ಉದ್ರಿಯಾದರೆ ಮಾಲು ಕೊಟ್ಟ ದಿನದಿಂದ, ವಾಯಿದೆ ಇದ್ದರೆ ಅದು ಮುಗಿದ ದಿನದಿಂದ ಎಣಿಕೆ. ಮೂರು ವರ್ಷ ತುಂಬುವ ಮೊದಲು ಬಾಕಿದಾರ 'ಇಷ್ಟು ಕೊಡಬೇಕಿದೆ' ಎಂದು ಬರೆದು ಸಹಿ ಹಾಕಿದರೆ ಆ ದಿನದಿಂದ ಮತ್ತೆ ಮೂರು ವರ್ಷ. ಬಾಯಲ್ಲಿ 'ಕೊಡ್ತೀನಿ' ಎಂದರೆ ಲೆಕ್ಕಕ್ಕಿಲ್ಲ. ನಿಮ್ಮ ಖಾತೆಪುಸ್ತಕದಲ್ಲಿ ಎರಡೂವರೆ ವರ್ಷ ದಾಟಿದ ಬಾಕಿ ಇದ್ದರೆ, ಈ ವಾರವೇ ಹೋಗಿ ಸಹಿ ಹಾಕಿಸಿಕೊಂಡು ಬನ್ನಿ.